ಜ್ಞಾನಿಯ ಚೀಟಿ

ಗಂಡನ ನೆಮ್ಮದಿ ಕೆಡಿಸಲು ಹೆಂಡತಿ ಕೂಗಾಡಬೇಕೆಂದೇನಿಲ್ಲ. ತನ್ನ ತಂಗಿಯ ಗಂಡನನ್ನು ಒಂದು ಸಲ ಹೊಗಳಿದರೆ ಸಾಕು. ಆ ಬೆಳಗ್ಗೆ, ಪ್ರಾಣಿ ಸಂಗ್ರಹಾಲಯದ ಮೇಲಿನ ಮಹಡಿಯ ಕಾವಲುಗಾರ ಷೂ ಲಾಡಿ ಕಟ್ಟುತ್ತಿದ್ದಾಗ ಆದದ್ದು ಅಷ್ಟೇ.

"ನನ್ನ ತಂಗಿ ಗಂಡನ ಕುರ್ಚಿ ಮೇಲೆ ಹೊಸದಾಗಿ ಚೀಟಿ ಹಾಕಿದಾರಂತೆ," ಎಂದಳು ಹೆಂಡತಿ, ಟೀ ಲೋಟ ಇಡುತ್ತ. "ಸೇಪಿಯನ್ಸ್ ಅಂತ. ಲ್ಯಾಟಿನ್ ಮಾತಂತೆ. ಜ್ಞಾನಿ ಅಂತ ಅರ್ಥವಂತೆ. ನಿಮ್ಮ ಸ್ಟೂಲ್ ಮೇಲೆ ಏನು ಬರೆದಿದಾರೆ?"

ಅವನ ಸ್ಟೂಲಿನ ಮೇಲೆ ಬರೆದಿದ್ದದ್ದು 'ಗೂಬೆ' ಎಂದು. ಸ್ಟೂಲಿನ ಹಿಂದೆ ಹುಲ್ಲು ತುಂಬಿದ ಗೂಬೆಯ ಗಾಜಿನ ಪೆಟ್ಟಿಗೆ ಇತ್ತು, ಬರೆದವರ ತಪ್ಪೇನೂ ಇರಲಿಲ್ಲ. ಅವನು ಟೀ ಎತ್ತಿ ಕುಡಿದ. ಟೀ ಯಾಕೋ ಕಹಿಯಾಗಿತ್ತು.

ಷಡ್ಡಕನೂ ಅದೇ ಸಂಗ್ರಹಾಲಯದಲ್ಲಿ ಕೆಳಗಿನ ಮಹಡಿಯ ಕಾವಲುಗಾರ. ವಯಸ್ಸಿನಲ್ಲಿ ಕಿರಿಯ, ಆದರೆ ಅವನಿಗೆ ಬೆನ್ನು ಕೈ ಎಲ್ಲ ಇರುವ ಕುರ್ಚಿ; ಹಿರಿಯನಾದ ಇವನಿಗೆ ಬರೀ ಸ್ಟೂಲು. ಮಾವನ ಮನೆಯಲ್ಲೂ ಕಿರಿಯ ಅಳಿಯನ ಮಾತೇ ಮಾತು. ಈಗ ಹಿರಿಯ ಕಾವಲುಗಾರನ ಹುದ್ದೆ ಬೇರೆ ಖಾಲಿಯಾಗಿತ್ತು. ಅದು ಇಬ್ಬರಲ್ಲಿ ಯಾರಿಗೆಂದು ತೀರ್ಮಾನಿಸಲು ಅಂದು ಸಂಜೆಯೇ ದೊಡ್ಡ ಅಧಿಕಾರಿಗಳು ಬರುವವರಿದ್ದರು. ಇಂಥ ದಿನ ನೋಡಿಯೇ ಅವನು ಜ್ಞಾನಿಯಾಗಿಬಿಟ್ಟನಲ್ಲ ಎಂದು ಇವನ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿತು.

ಹೋಗಿ ನೋಡಿದರೆ ಮಾತು ನಿಜ. ಷಡ್ಡಕ ಮದುವೆ ಗಂಡಿನ ಹಾಗೆ ಕೂತಿದ್ದಾನೆ, ತಲೆಯ ಮೇಲೆ ಗೋಡೆಗೆ ಸ್ಕ್ರೂ ಬಿಗಿದ 'ಹೋಮೋ ಸೇಪಿಯನ್ಸ್' ಎಂಬ ಹಲಗೆ ಚೀಟಿ. ಪಕ್ಕದಲ್ಲಿ ಆದಿಮಾನವನ ಮೇಣದ ಬೊಂಬೆ, ಅದಕ್ಕೆ ತಲೆಯಿಂದ ಕಾಲಿನವರೆಗೆ ಮುಸುಕು. ಮುಸುಕು ಯಾಕೆಂದು ಕೇಳಿದ್ದಕ್ಕೆ ಸೂರಿನಿಂದ ಸುಣ್ಣ ಉದುರುತ್ತಿದೆ ಎಂದ. ಚೀಟಿ ಯಾರು ಕೊಟ್ಟರೆಂದು ಕೇಳಿದ್ದಕ್ಕೆ ನೆಲ ನೋಡಿದ.

"ನಮ್ಮ ಯೋಗ್ಯತೆ ನಾವೇ ಹೇಳ್ಕೋಬಾರದು ಅಣ್ಣ," ಎಂದ.

ಇವನು ನೆಟ್ಟಗೆ ಗ್ರಂಥಪಾಲಕಿಯ ಹತ್ತಿರ ಹೋದ. ಆಕೆಗೆ ಯಾರಾದರೂ ಒಂದು ಪದದ ಅರ್ಥ ಕೇಳಿದರೆ ಹಬ್ಬ. ಆ ಪದದ ಬೇರಿಗೆ ಮೊದಲು ರುಚಿ ನೋಡುವುದು ಎಂಬ ಅರ್ಥವಿತ್ತೆಂದೂ, ರುಚಿ ಬಲ್ಲವನೇ ಒಳಿತು ಕೆಡುಕು ಬಲ್ಲವನು ಎಂದಾಗಿ, ಕೊನೆಗೆ ಅದು ಜ್ಞಾನಿಯಲ್ಲಿ ಬಂದು ನಿಂತಿತೆಂದೂ ವಿವರಿಸಿದಳು. ಈಗ ಅದು ಮನುಷ್ಯ ಜಾತಿಯ ಹೆಸರಿನ ಬಾಲ, ಎಲ್ಲರಿಗೂ ಸಲ್ಲುತ್ತದೆ ಎಂದಳು.

"ಎಲ್ಲರಿಗೂ ಅಂದ್ರೆ ನನಗೂನಾ?"

"ನಿಮಗೂ. ನಿಮ್ಮನ್ನ ನೋಡಿದರೆ ಹಾಗೆ ಅನ್ನಿಸದಿದ್ದರೂ." ಆಕೆ ಕನ್ನಡಕ ಒರೆಸಿಕೊಂಡಳು. "ಬೇರೆ ಯಾವ ಪ್ರಾಣಿಯೂ ಒಪ್ಪಿ ಕೊಟ್ಟ ಬಿರುದಲ್ಲ ಇದು. ನಮಗೆ ನಾವೇ ಇಟ್ಕೊಂಡಿದ್ದು."

ಅಷ್ಟೆಲ್ಲದರಲ್ಲಿ ಅವನ ಕಿವಿಗೆ ಇಳಿದದ್ದು ಎರಡೇ ಮಾತು: ನಿಮಗೂ, ನಾವೇ ಇಟ್ಕೊಂಡಿದ್ದು. ಎಲ್ಲರ ಸೊತ್ತನ್ನು ಒಬ್ಬನೇ ತಲೆಯ ಮೇಲೆ ಇಟ್ಟುಕೊಂಡು ಕೂರುವುದು ಯಾವ ನ್ಯಾಯ?

ಷಡ್ಡಕ ಟೀಗೆ ಎದ್ದು ಹೋಗುವವರೆಗೆ ಕಾದ. ಅವನು ಅಂದು ಟೀಗೆ ಹೋದವನು ಕೆರೆಗೆ ಹೋದ ಎಮ್ಮೆಯಂತೆ ಬರುವ ಸುದ್ದಿಯೇ ಇಲ್ಲ. ಕುರ್ಚಿಯ ಮೇಲೆ ಒಂದು ಸ್ಕ್ರೂಡ್ರೈವರ್ ಬೇರೆ ಬಿದ್ದಿತ್ತು. ದೇವರು ಕಣ್ಣು ಬಿಟ್ಟ ಎಂದುಕೊಂಡು ಇವನು ಕುರ್ಚಿ ಹತ್ತಿದ. ಟಿಕೆಟ್ ಹರಿಯುವಾಕೆ ಬಂದು ಮೇಲಿನ ಸ್ಕ್ರೂ ಮೊದಲು ಬಿಚ್ಚಿ ಎಂದಳು. ಕಸ ಗುಡಿಸುವ ಅಜ್ಜ ಕೆಳಗಿನದನ್ನು ಮೊದಲು ಎಂದ. ಇಬ್ಬರ ಮಾತೂ ಕೇಳಲು ಹೋಗಿ ಚೀಟಿ ಅವನ ನೆತ್ತಿಯ ಮೇಲೇ ಬಿತ್ತು. ಜ್ಞಾನ ತಲೆಗೆ ಬಡಿಯುವುದು ಎಂದರೆ ಇದೇ ಇರಬೇಕು ಎಂದ ಅಜ್ಜ.

ನೆತ್ತಿಯ ಬುಗುಟು ಸವರಿಕೊಳ್ಳುತ್ತ ಇವನು ಚೀಟಿಯನ್ನು ಮೇಲಕ್ಕೆ ಒಯ್ದು, ಗೂಬೆ ಎಂಬ ಚೀಟಿ ಕಾಣದ ಹಾಗೆ ಅದರ ಮೇಲೆ ಬಡಿದು, ಕೆಳಗೆ ಕೂತ. ಕೂತ ಕೂಡಲೇ ಬೆನ್ನು ತಾನಾಗಿ ನೆಟ್ಟಗಾಯಿತು. ನೋಡಲು ಬಂದವರು ಗೂಬೆಯನ್ನೊಮ್ಮೆ ಅವನನ್ನೊಮ್ಮೆ ನೋಡಿ ಮುಂದೆ ಹೋದರು. ಅದೂ ಗೌರವವೇ ಎಂದುಕೊಂಡ.

ಸಂಜೆಯಾಯಿತು. ಅಧಿಕಾರಿಗಳು ಬಾಗಿಲಲ್ಲಿ ಕಾರಿನಿಂದ ಇಳಿಯುವ ಹೊತ್ತಿಗೆ ಸರಿಯಾಗಿ ಮೇಲ್ವಿಚಾರಕಿ ಕೆಳಗಿನ ಬೊಂಬೆಯ ಮುಸುಕು ತೆಗೆದರು. ಆದಿಮಾನವನಿಗೆ ಮೂಗಿರಲಿಲ್ಲ.

ಷಡ್ಡಕನನ್ನು ಕೇಳಿದರು. ಅವನು ಹಾಲಿನಲ್ಲಿ ಅದ್ದಿ ತೆಗೆದ ಮುಖ ಮಾಡಿಕೊಂಡ.

"ಬೊಂಬೆ ನನ್ನ ಸುಪರ್ದಿನಲ್ಲಿಲ್ಲ ಮೇಡಂ. ಅದರ ಚೀಟಿ ಮೇಲೆ ಅಣ್ಣನ ಹತ್ತಿರ ಇದೆ. ಚೀಟಿ ಎಲ್ಲೋ ಹೊಣೆ ಅಲ್ಲಿ."

ಅದು ಆ ಸಂಗ್ರಹಾಲಯದ ಹಳೇ ಕಟ್ಟಳೆ. ಹಿಂದೆ ಹುಳ ತಿಂದ ನವಿಲನ್ನು ಚೀಟಿ ಸಮೇತ ಕೆಳಗೆ ಸಾಗಿಸಿ, ಷಡ್ಡಕನನ್ನು ಬೈಸಿದಾಗ ಇದೇ ಮಾತನ್ನು ಇದೇ ದನಿಯಲ್ಲಿ ಹೇಳಿದ್ದವನು ಇವನೇ. ಈಗ ಕರೆ ಬಂದಾಗ ಮೆಟ್ಟಿಲಿಳಿದು ಬಂದು ನಿಂತ.

ಮೇಲ್ವಿಚಾರಕಿ ಇವನನ್ನು ಬೈಯಲೂ ಇಲ್ಲ. ಮೂಗಿಲ್ಲದ ಬೊಂಬೆಯನ್ನು ಒಳಗೆ ಸಾಗಿಸಿದರು. ಅಧಿಕಾರಿಗಳ ಮುಂದೆ ಆ ಜಾಗ ಖಾಲಿ ಇರಬಾರದು, ಹೊಣೆ ಹೊತ್ತವರೇ ತುಂಬಬೇಕು ಎಂದಷ್ಟೇ ಹೇಳಿದರು. ಮೈಗೆ ಬೊಂಬೆಯ ತೊಗಲು, ತಲೆಗೆ ಅದರ ಜಡೆಗೂದಲು, ಕೈಗೆ ಕಲ್ಲಿನ ಕೊಡಲಿ ಬಂದವು. ಬೆಳಗ್ಗೆಯಿಂದ ಹೊಟ್ಟೆಕಿಚ್ಚಿಗೆ ಕೆಂಪಾಗಿದ್ದ ಮುಖಕ್ಕೆ ಬಣ್ಣ ಬಳಿಯುವ ಕಷ್ಟ ಯಾರಿಗೂ ಬೀಳಲಿಲ್ಲ. ಚೀಟಿಯನ್ನು ಷಡ್ಡಕನೇ ತಂದು, ಅವನ ಕಾಲ ಬಳಿ ಭಕ್ತಿಯಿಂದ ಇಟ್ಟ.

"ನನ್ನ ಹೆಂಡತಿಗೆ ಹೇಳಿದ್ದು ನೆನ್ನೆ ರಾತ್ರಿ," ಎಂದು ಕಿವಿಯಲ್ಲಿ ಉಸುರಿದ. "ಬೆಳಗಾಗೋದರೊಳಗೆ ನಿಮಗೆ ಮುಟ್ಟುತ್ತೆ ಅಂತ ಗೊತ್ತಿತ್ತು."

ಅಧಿಕಾರಿಗಳು ಬೊಂಬೆಯ ಅಚ್ಚುಕಟ್ಟಿಗೆ ಬೆರಗಾದರು. ಇಷ್ಟು ಜತನದಿಂದ ಕಾಪಾಡಿದವನು ಯಾರೆಂದು ಕೇಳಿ, ಪಕ್ಕದಲ್ಲಿ ಬಟ್ಟೆ ಹಿಡಿದು ಧೂಳು ಒರೆಸುತ್ತಿದ್ದವನ ಕೈಗೆ ಹಿರಿಯ ಕಾವಲುಗಾರನ ಬೀಗದ ಕೈ ಗೊಂಚಲು ಕೊಟ್ಟು ಹೋದರು. ಬೊಂಬೆಯ ಮೂಗು ತುರಿಸುತ್ತಿತ್ತು. ಜ್ಞಾನಿ ಅಲುಗಲಿಲ್ಲ.

ಬಾಗಿಲು ಹಾಕುವ ಮುಂಚೆ ಅಕ್ಕತಂಗಿಯರಿಬ್ಬರೂ ಆ ಹೆಸರಾದ ಚೀಟಿಯನ್ನು ಕಣ್ಣಾರೆ ನೋಡಲು ಬಂದರು. ಅಕ್ಕ ಅಕ್ಷರ ಕೂಡಿಸಿಕೊಂಡು ಓದಿ, ಬೊಂಬೆಯ ಮುಖವನ್ನು ತುಂಬ ಹೊತ್ತು ನೋಡಿದಳು.

"ಎಲ್ಲೋ ನೋಡಿದ ಹಾಗಿದೆ," ಎಂದು ಕೈ ಚಾಚಿದಳು.

"ಮುಟ್ಟಬೇಡಿ ಅತ್ತಿಗೆ," ಎಂದ ಹಿರಿಯ ಕಾವಲುಗಾರ, ಗೊಂಚಲು ಝಣಗುಡಿಸುತ್ತ. "ಮೂಗು ಹೊಸದು."