ಡಾಕ್ಟರು ಬರೆದ ಎಮ್ಮೆ ಪಾಠ

ಪಶುವೈದ್ಯರಿಗೆ ಹೆಂಡತಿಯ ಮೇಲೆ ಒಂದೇ ಒಂದು ದೂರು ಇತ್ತು. (ಉಳಿದವು ದೂರುಗಳಲ್ಲ, ಭಯಗಳು.) ತಾವು ಬೆಳಗಿನಿಂದ ಸಂಜೆಯವರೆಗೆ ಯಾವ ಪ್ರಾಣಿಗಳ ಹೊಟ್ಟೆನೋವು, ಕೆಮ್ಮು, ಕಾಲುಬೇನೆ ವಾಸಿ ಮಾಡಿ ಬರುತ್ತಾರೋ, ಅದೇ ಪ್ರಾಣಿಗಳ ಬಗ್ಗೆ ಈ ಮನೆಯ ಊಟದ ಮೇಜಿನ ಮೇಲೆ, ತಮ್ಮನ್ನು ಒಂದು ಮಾತೂ ಕೇಳದೆ, ಒಂದು ಪುಸ್ತಕ ತಯಾರಾಗುತ್ತಿದೆ ಎಂಬುದೇ ಆ ದೂರು.

ಹೆಂಡತಿ, ಅಂದರೆ ಟೀಚರಮ್ಮ, ಮೂರನೇ ತರಗತಿಗೆ ಕನ್ನಡ ಹೇಳಿಕೊಡುತ್ತಿದ್ದರು. ಹಳೆಯ ಅಭ್ಯಾಸ ಪುಸ್ತಕದ ಪಾಠಗಳನ್ನು ಓದುವಾಗ ಮಕ್ಕಳು ಆಕಳಿಸಿ ಆಕಳಿಸಿ ದವಡೆ ನೋಯಿಸಿಕೊಳ್ಳುವುದನ್ನು ನೋಡಲಾರದೆ ತಾವೇ ಹೊಸದೊಂದು ಪುಸ್ತಕ ಬರೆಯತೊಡಗಿದ್ದರು. ಮೂವತ್ತು ಪಾಠ, ಪಾಠಕ್ಕೊಂದು ಪ್ರಾಣಿ. ಪ್ರತಿ ಪಾಠದ ಕೆಳಗೆ ಐದು ಪ್ರಶ್ನೆ, ಅದರ ಕೆಳಗೆ ಐದು ವ್ಯಾಕರಣ. ಈ ತಿಂಗಳ ಕೊನೆಯೊಳಗೆ ಮುಗಿಸಿ ಕೊಟ್ಟರೆ ಶಾಲೆಯ ನಾಲ್ಕೂ ವಿಭಾಗಕ್ಕೆ ಅಚ್ಚು ಹಾಕಿಸುವುದಾಗಿ ಮುಖ್ಯೋಪಾಧ್ಯಾಯಿನಿ ಮಾತು ಕೊಟ್ಟಿದ್ದರು. ಇಪ್ಪತ್ತೊಂಬತ್ತು ಮುಗಿದಿದ್ದವು.

ಆ ಇಪ್ಪತ್ತೊಂಬತ್ತರಲ್ಲೂ ಡಾಕ್ಟರಿಗೆ ಒಂದಲ್ಲ ಒಂದು ತಕರಾರು. ಬೆಕ್ಕಿಗೆ ಹಾಲೆಂದರೆ ಇಷ್ಟ ಎಂದು ಬರೆದರೆ, ಇಷ್ಟ ಇರಬಹುದು, ಆದರೆ ದೊಡ್ಡ ಬೆಕ್ಕಿಗೆ ಅದು ಅರಗುವುದಿಲ್ಲ, ಮಾರನೇ ದಿನ ಒರೆಸುವವರು ಯಾರು ಎಂದು ಕೇಳುತ್ತಿದ್ದರು. ಕತ್ತೆಯನ್ನು ಪೆದ್ದು ಎಂದರೆ ಮಾನನಷ್ಟ ಎನ್ನುತ್ತಿದ್ದರು. ಹಸುವಿಗೆ ನಾಲ್ಕು ಹೊಟ್ಟೆ ಎಂಬ ವಾಕ್ಯ ಕೇಳಿದ ದಿನವಂತೂ ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಟ್ಟು, ಹೊಟ್ಟೆ ಒಂದೇ, ಅದರಲ್ಲಿ ನಾಲ್ಕು ಕೋಣೆ ಎಂದು ಮೇಜಿನ ಮೇಲೆ ಬೆರಳಿನಿಂದ ಚಿತ್ರ ಬರೆದು ತೋರಿಸಿದರು.

ಟೀಚರಮ್ಮ ತಲೆ ಎತ್ತಲಿಲ್ಲ. "ಕೋಣೆ ಅಂತ ಬರೆದ್ರೆ ಅರ್ಧ ಕ್ಲಾಸು ಎತ್ವ ನೋಡದೆ ಓದುತ್ತೆ ರೀ. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣ ಅಂತ ಆಗುತ್ತೆ. ಆಗ ಚಿಕಿತ್ಸೆ ನೀವೇ ಮಾಡಬೇಕು" ಎಂದರು.

ದೊಡ್ಡ ಯುದ್ಧ ನಡೆದದ್ದು ಮಾತ್ರ ಹೋರಿಯ ವಿಷಯದಲ್ಲಿ. 'ಹೋರಿ: ನಪುಂಸಕಲಿಂಗ' ಎಂಬ ಉತ್ತರವನ್ನು ಡಾಕ್ಟರು ಹೆಂಡತಿಯ ಭುಜದ ಮೇಲಿಂದ ಬಗ್ಗಿ ಓದಿದರು. ಮೂವತ್ತು ವರ್ಷದ ವೃತ್ತಿಜೀವನ ಕಣ್ಣ ಮುಂದೆ ಹಾದುಹೋಯಿತು. ತಾವು ಕತ್ತರಿ ಹಿಡಿಯುವ ಮೊದಲು ಯಾವ ಹೋರಿಯೂ ಆ ಸ್ಥಿತಿಯಲ್ಲಿ ಇರುವುದಿಲ್ಲ, ಇದು ಹೋರಿಕುಲಕ್ಕೂ ವೈದ್ಯಕುಲಕ್ಕೂ ಅವಮಾನ ಎಂದು ಗಂಭೀರವಾಗಿ ಹೇಳಿದರು.

"ಅದು ನಿಮ್ಮ ಕತ್ತರಿ ವಿಷಯ. ಇದು ವ್ಯಾಕರಣ. ಹೋರಿ ಬಂದಿತು ಅಂತೀವಾ, ಬಂದನು ಅಂತೀವಾ?"

"ನಾನು ಬಂದ ಅಂತಲೇ ಅನ್ನೋದು."

ಇದು ನಿಜ. ಡಾಕ್ಟರ ಬಾಯಲ್ಲಿ ಪ್ರಾಣಿಗಳೆಲ್ಲ ಅವನು ಅಥವಾ ಅವಳು. ಒಮ್ಮೆ "ಇವತ್ತು ಅವಳಿಗೆ ತುಂಬ ಕಷ್ಟ ಆಯ್ತು, ಎರಡು ಗಂಟೆ ಜೊತೆಯಲ್ಲೇ ಕೂತಿದ್ದೆ" ಎಂದು ಫೋನಿನಲ್ಲಿ ಹೆಂಡತಿಗೆ ಹೇಳಿ, ಅದು ಮೇಕೆ ಎಂದು ಸಾಬೀತು ಮಾಡುವಷ್ಟರಲ್ಲಿ ಸಾಕಾಗಿ ಹೋಗಿತ್ತು.

ಕೋಣೆಯ ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಡಾಕ್ಟರ ತಾಯಿಗೆ ಸಹನೆ ಮುಗಿಯಿತು. ಆಕೆ ಎಂದೂ ಸೊಸೆಯ ಪಕ್ಷ. "ಅಷ್ಟೆಲ್ಲ ಗೊತ್ತಿದ್ರೆ ನೀನೇ ಒಂದು ಬರಿಯೋ. ಆಡಿದಷ್ಟು ಸಲೀಸಲ್ಲ, ನೋಡು" ಎಂದರು.

ಬಾಕಿ ಇದ್ದದ್ದು ಮೂವತ್ತನೆಯ ಪಾಠ. ಟೀಚರಮ್ಮ ಪೆನ್ನನ್ನು ಗಂಡನ ಮುಂದೆ ಉರುಳಿಸಿ, ಪ್ರಾಣಿ ಯಾವುದೆಂದು ಆರಿಸಿಕೊಳ್ಳಿ ಎಂದರು. ಡಾಕ್ಟರು ಕ್ಷಣವೂ ಯೋಚಿಸದೆ ಎಮ್ಮೆ ಎಂದರು. ಎಮ್ಮೆಗೆ ನಮ್ಮ ಭಾಷೆಯಲ್ಲಿ ಆದಷ್ಟು ಅನ್ಯಾಯ ಇನ್ನಾರಿಗೂ ಆಗಿಲ್ಲ ಎಂಬುದು ಅವರ ಬಹುದಿನದ ಸಂಕಟ. ನಾಚಿಕೆ ಇಲ್ಲದವನಿಗೆ ಎಮ್ಮೆ ಚರ್ಮ, ಮಾತು ಕೇಳದವನಿಗೆ ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಹಾಲು ಕುಡಿಯುವಾಗ ಮಾತ್ರ ಯಾರೂ ಬಾಯಿ ತೆರೆದು ಇದನ್ನೆಲ್ಲ ಹೇಳುವುದಿಲ್ಲ.

ಟೀಚರಮ್ಮ ನಿಯಮಗಳನ್ನು ಹೇಳಿದರು. ಒಟ್ಟು ನಲವತ್ತು ಪದ ಮೀರಬಾರದು. ಒಂದು ವಾಕ್ಯಕ್ಕೆ ಹೆಚ್ಚೆಂದರೆ ಐದು ಪದ. ಮಕ್ಕಳ ನಾಲಿಗೆ ತಡವರಿಸುವಂಥ ಒತ್ತಕ್ಷರ ಬೇಡ. ಓದಿದ ಮೇಲೆ ಮಗುವಿಗೆ ಏನೋ ಒಂದು ಕಾಣಬೇಕು. ಇಷ್ಟೇ. ಡಾಕ್ಟರು ನಕ್ಕರು. ದಿನಕ್ಕೆ ಇಪ್ಪತ್ತು ಚೀಟಿ ಬರೆಯುವ ಕೈಗೆ ನಲವತ್ತು ಪದ ಎಂದರೆ ಎರಡು ಚೀಟಿಯ ಕೆಲಸ.

ಮೊದಲ ಕರಡು ಹನ್ನೊಂದು ಪುಟವಾಯಿತು. ಟೀಚರಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ, ಮೊದಲ ವಾಕ್ಯವನ್ನು ಶ್ರದ್ಧೆಯಿಂದ ಓದಿದರು. ಮೆಲುಕು ಹಾಕುವ, ಸೀಳು ಗೊರಸಿನ, ಬೆವರಿನ ಗ್ರಂಥಿಗಳು ವಿರಳವಾಗಿರುವ, ಆ ಕಾರಣದಿಂದ ದೇಹದ ಉಷ್ಣತೆಯನ್ನು ಕಾಯ್ದುಕೊಳ್ಳಲು ಜಲಾಶ್ರಯವನ್ನು ಅವಲಂಬಿಸುವ ಎಂದು ಅದು ಸಾಗಿತ್ತು. ಪುಟ ಮುಗಿದರೂ ವಾಕ್ಯ ಮುಗಿದಿರಲಿಲ್ಲ. ಎಮ್ಮೆ ಎಲ್ಲಿ ಎಂದು ಕೇಳಿದರು. ಎರಡನೇ ಪುಟದಲ್ಲಿ ಬರುತ್ತೆ ಎಂದರು ಡಾಕ್ಟರು. ಅಷ್ಟು ಹೊತ್ತಿಗೆ ಮಕ್ಕಳು ನಾಲ್ಕನೇ ಕ್ಲಾಸಿಗೆ ಹೋಗಿರುತ್ತಾರೆ ಎಂದು ಹೇಳಿ ಟೀಚರಮ್ಮ ಮತ್ತೆ ತರಕಾರಿಗೆ ಕೈ ಹಾಕಿದರು.

ನಾಲ್ಕು ದಿನ ಡಾಕ್ಟರು ಪಟ್ಟ ಪಾಡನ್ನು ಪ್ರಸವವೇದನೆ ಎನ್ನಬಹುದಿತ್ತು. ಆದರೆ ಪ್ರಸವ ಮಾಡಿಸುವುದು ಅವರಿಗೆ ಸಲೀಸು. ಇದು ಅದಕ್ಕಿಂತ ಕಷ್ಟ. ಆಸ್ಪತ್ರೆಯ ಔಷಧದ ಪೆಟ್ಟಿಗೆಗಳ ಹಿಂಬದಿಯಲ್ಲೆಲ್ಲ ಎಮ್ಮೆ. ಗ್ರಂಥಿ ಹೋಯಿತು, ಉಷ್ಣತೆ ಹೋಯಿತು, ಗೊರಸು ಹೋಯಿತು. ಉಣ್ಣೆಹುಳದ ಬಗ್ಗೆ ಬರೆದಿದ್ದ ಅತಿ ಸುಂದರವಾದ ಒಂದು ಪುಟವನ್ನು ಅವರು ಎದೆ ಕಲ್ಲು ಮಾಡಿಕೊಂಡು ಹೊಡೆದುಹಾಕಿದರು. ಒಂದು ಮಧ್ಯಾಹ್ನ 'ಬಂತು' ಎನ್ನಲೋ 'ಬಂದಿತು' ಎನ್ನಲೋ ಎಂಬ ಯೋಚನೆಯಲ್ಲಿ, ನಾಯಿಗೆ ಚುಚ್ಚಬೇಕಾದ ಸೂಜಿ ಹಿಡಿದುಕೊಂಡು ನಾಯಿಯ ಯಜಮಾನನ ಕಡೆ ಹೋಗಿಬಿಟ್ಟಿದ್ದರು. ಆತ ಕುರ್ಚಿ ಬಿಟ್ಟು ಎದ್ದ.

ಆಗ ಅವರಿಗೆ ಒಂದು ವಿಷಯ ಅರಿವಾಗತೊಡಗಿತು. 'ಇರುವೆ ಸಾಲು ತಪ್ಪಲಿಲ್ಲ' ಎಂಬ ಮೂರು ಪದಕ್ಕಾಗಿ ಹೆಂಡತಿ ಒಂದು ಸಂಜೆ ಪೂರ್ತಿ ಕಿಟಕಿಯ ಹತ್ತಿರ ನಿಂತಿದ್ದದ್ದು, ತಾವು ಊಟ ಎಲ್ಲಿ ಎಂದು ಎರಡು ಸಲ ಕೇಳಿದ್ದು ನೆನಪಾಯಿತು. ಹೀಗೆ ಇಪ್ಪತ್ತೊಂಬತ್ತು ಬರೆದಿದ್ದಾಳೆ. ಮನೆ ನಡೆಸಿಕೊಂಡು, ಮೂವತ್ತೊಂದು ಮಕ್ಕಳ ಕಾಪಿ ತಿದ್ದಿಕೊಂಡು, ಮಗ್ಗುಲಲ್ಲಿ ತಮ್ಮಂಥವರ ತಕರಾರು ಕೇಳಿಕೊಂಡು. ಆ ಸಂಜೆ ಟೀಯನ್ನು ಡಾಕ್ಟರೇ ಮಾಡಿದರು. (ಅದನ್ನು ಕುಡಿದದ್ದು ಮನೆಯವರ ಪ್ರೀತಿ.)

ಐದನೇ ದಿನ ಪಾಠ ಹುಟ್ಟಿತು. ಮೂವತ್ತಾರು ಪದ.

'ಬಿಸಿಲು ಜೋರಾಗಿತ್ತು. ಒಂದು ಎಮ್ಮೆ ಕೆರೆಗೆ ಇಳಿಯಿತು. ಎಮ್ಮೆಗೆ ಬೆವರು ಕಡಿಮೆ. ನೀರಿನಲ್ಲಿ ಅದಕ್ಕೆ ತಂಪು. ದಡದಲ್ಲಿ ಕರು ನಿಂತಿತ್ತು. ಕರುವಿಗೆ ನೀರು ಕಂಡರೆ ಭಯ. ತಾಯಿ ಒಮ್ಮೆ ಕೂಗಿತು. ಕರು ಒಂದು ಕಾಲು ಇಟ್ಟಿತು. ಮತ್ತೆ ಹಿಂದೆ ತೆಗೆಯಿತು. ತಾಯಿ ಬೈಯಲಿಲ್ಲ. ಅದು ಕಾಯಿತು. ಎಮ್ಮೆಗೆ ಅವಸರ ಇಲ್ಲ.'

ಟೀಚರಮ್ಮ ಅದನ್ನು ಎರಡು ಸಲ ಓದಿದರು. ಚೆನ್ನಾಗಿದೆ ಎನ್ನಲಿಲ್ಲ, ಕಾಗದವನ್ನು ಮಡಚದೆ, ಸುಕ್ಕಾಗದ ಹಾಗೆ ಫೈಲಿನೊಳಗೆ ಇಟ್ಟರು. ಇನ್ನು ಉಳಿದದ್ದು ಪರೀಕ್ಷೆ. ಪ್ರತಿ ಪಾಠವನ್ನೂ ಅವರು ಮೊದಲು ತಮ್ಮ ತರಗತಿಯಲ್ಲಿ ಕೊಟ್ಟು ನೋಡುತ್ತಿದ್ದರು. ಹತ್ತಕ್ಕೆ ನಾಲ್ಕು ಬಂದರೆ ಪಾಸು. ಅರ್ಧಕ್ಕಿಂತ ಹೆಚ್ಚು ಮಕ್ಕಳು ನಪಾಸಾದರೆ ತಪ್ಪು ಮಕ್ಕಳದ್ದಲ್ಲ, ಪಾಠದ್ದು. ಆ ಪಾಠ ಪುಸ್ತಕದಿಂದ ಹೊರಗೆ. ಹೀಗೆ ಅವರದೇ ಒಂದು ಜಿರಾಫೆ, ಎರಡು ಗೂಬೆ ಮನೆಗೆ ಹೋಗಿದ್ದವು. ಪ್ರಶ್ನೆಗಳನ್ನು ಗಂಡನಿಗೆ ತೋರಿಸಲಿಲ್ಲ.

ಶನಿವಾರ ಬೆಳಿಗ್ಗೆ ಡಾಕ್ಟರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಶಾಲೆಗೆ ಹೊರಟರು. ತಮ್ಮ ಎಮ್ಮೆಯ ಭವಿಷ್ಯ ಕಣ್ಣಾರೆ ನೋಡಬೇಕಿತ್ತು. ಕೊನೆಯ ಬೆಂಚಿನಲ್ಲಿ ಕೂತಾಗ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಪಕ್ಕದಲ್ಲಿದ್ದವಳು ಮುಂದಿನ ಎರಡು ಹಲ್ಲು ಬಿದ್ದ ಒಬ್ಬ ಹುಡುಗಿ. ಟೀಚರಮ್ಮ ಕಾಗದ ಹಂಚುತ್ತಾ ಬಂದು ಗಂಡನ ಮುಂದೂ ಒಂದಿಟ್ಟರು. ಈ ಕೋಣೆಯಲ್ಲಿ ಕೂತವರೆಲ್ಲ ಬರೆಯಬೇಕು ಎಂದರು.

ಡಾಕ್ಟರು ಮನಸ್ಸಿನಲ್ಲೇ ಮೀಸೆ ತಿರುವಿದರು. ತಾನೇ ಕಟ್ಟಿದ ಮನೆಯಲ್ಲಿ ಬಾಗಿಲು ಹುಡುಕುವುದುಂಟೆ? ಪಾಠದ ಕಡೆ ತಿರುಗಿಯೂ ನೋಡದೆ ಸರಸರನೆ ಬರೆದು, ಎಲ್ಲರಿಗಿಂತ ಮೊದಲು ಪೆನ್ನು ಕೆಳಗಿಟ್ಟರು. ಹಿಂಬದಿಯಲ್ಲೂ ಬರೆದಿದ್ದರು.

ಕಾಗದಗಳನ್ನು ಪಕ್ಕದವರು ತಿದ್ದುವುದು ಆ ತರಗತಿಯ ಪದ್ಧತಿ. ಹಲ್ಲು ಬಿದ್ದ ಹುಡುಗಿ ಕೆಂಪು ಪೆನ್ಸಿಲ್ ಚೂಪು ಮಾಡಿಕೊಂಡಳು. ಎಮ್ಮೆ ಎಲ್ಲಿಗೆ ಇಳಿಯಿತು? ಕೆರೆಗೆ. ಸರಿ. (ನಿಂತ ನೀರಿನ ಬಸವನಹುಳುಗಳಿಂದ ಬರುವ ರೋಗದ ಬಗ್ಗೆ ಡಾಕ್ಟರು ಸೇರಿಸಿದ್ದ ಎಚ್ಚರಿಕೆಯನ್ನು ಅವಳು ಹೊಡೆದುಹಾಕಿದಳು.) ಏಕೆ ಇಳಿಯಿತು? ನೊಣ ಮತ್ತು ಉಣ್ಣೆಹುಳದ ಕಾಟದಿಂದ ಪಾರಾಗಲು. ತಪ್ಪು. ಕರು ಏಕೆ ಇಳಿಯಲಿಲ್ಲ? ಜಂತುಹುಳದಿಂದ ನಿತ್ರಾಣ ಇರಬಹುದು, ಪರೀಕ್ಷಿಸಬೇಕು. ತಪ್ಪು. ತಾಯಿ ಎಷ್ಟು ಸಲ ಕೂಗಿತು? ಕನಿಷ್ಠ ಮೂರು ನಾಲ್ಕು ಸಲ. ತಪ್ಪು. ಆಮೇಲೆ ಏನು ಮಾಡಿತು? ಕಾಯಿತು. ಸರಿ. ವ್ಯಾಕರಣದಲ್ಲಿ ಕರುವಿಗೆ ಬಹುವಚನ ಬರೆದು ಒಂದು ಅಂಕ ಗಿಟ್ಟಿತು. ಎಮ್ಮೆ ಯಾವ ಲಿಂಗ ಎಂಬಲ್ಲಿ ಸ್ತ್ರೀಲಿಂಗ ಎಂದು ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದರು. 'ತಂಪು' ಪದಕ್ಕೆ ವಿರುದ್ಧ ಪದ, ಜ್ವರ. 'ಇಳಿಯಿತು' ಯಾವ ಕಾಲ? ಬೇಸಿಗೆಕಾಲ. 'ಅವಸರ' ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಲು ಹೋಗಿ, ಹೆರಿಗೆಯಲ್ಲಿ ಕರು ಎಳೆಯುವಾಗ ಅವಸರ ಮಾಡಿದರೆ ಆಗುವ ಅನಾಹುತಗಳನ್ನು ಪಟ್ಟಿ ಮಾಡುತ್ತಾ ವಾಕ್ಯವನ್ನು ಹಾಗೇ ಬಿಟ್ಟಿದ್ದರು.

ಹತ್ತಕ್ಕೆ ಮೂರು.

ಡಾಕ್ಟರು ತಗ್ಗಿದ ದನಿಯಲ್ಲಿ ಮೇಲ್ಮನವಿ ಸಲ್ಲಿಸಿದರು. ಈ ಉತ್ತರಗಳೆಲ್ಲ ಶಾಸ್ತ್ರೀಯವಾಗಿ ಸರಿ, ತಾನು ಪ್ರಾಣಿಗಳ ಡಾಕ್ಟರು, ಹೆಚ್ಚೇಕೆ, ಈ ಪಾಠ ಬರೆದದ್ದೇ ತಾನು ಎಂದರು.

"ಬರೆದವರಿಗೆ ಬೇರೆ ಮಾರ್ಕ್ಸ್ ಇಲ್ಲ ಅಂಕಲ್. ಪಾಠದಲ್ಲಿ ಎಲ್ಲಿದೆ ತೋರಿಸಿ."

ಡಾಕ್ಟರು ಮೂವತ್ತಾರು ಪದಗಳ ಮೇಲೂ ಬೆರಳಾಡಿಸಿದರು. ನೊಣವೂ ಇಲ್ಲ, ಜಂತುವೂ ಇಲ್ಲ. ಇರುವುದು ಹೇಗೆ? ನಾಲ್ಕು ದಿನ ಕೂತು ಒಂದೊಂದಾಗಿ ಹೊಡೆದುಹಾಕಿದವರು ಅವರೇ.

ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತೊಂಬತ್ತು ಮಂದಿ ಪಾಸಾಗಿದ್ದರು. ಪಾಠ ಗೆದ್ದಿತು, ಪಾಠ ಬರೆದವರು ಬಿದ್ದರು. ಅಷ್ಟರಲ್ಲಿ ಯಾವುದೋ ಮಗು ಕೇಳಿತು, ಹಾಗಾದರೆ ಕರು ಕೊನೆಗೆ ನೀರಿಗೆ ಇಳಿಯಿತೇ ಇಲ್ಲವೇ ಎಂದು. ಡಾಕ್ಟರು ಉತ್ತರ ಹೇಳಲು ಅರ್ಧ ಎದ್ದರು. ಹೆಂಡತಿಯ ಕಣ್ಣು ನೋಡಿ ಕೂತರು. ಟೀಚರಮ್ಮ ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತರು. ಇಳಿಯಿತು ಎಂದು ಅರ್ಧ ಕ್ಲಾಸು, ಇಳಿಯಲಿಲ್ಲ ಎಂದು ಅರ್ಧ ಕ್ಲಾಸು. ಗದ್ದಲವೋ ಗದ್ದಲ. ಆಗ ಕಿಟಕಿಯ ಪಕ್ಕದಲ್ಲಿ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಕೈ ಎತ್ತಿದಳು. ಎಲ್ಲರೂ ತಿರುಗಿದರು. ಶಾಲೆ ಶುರುವಾದಾಗಿನಿಂದ ಅವಳು ಗಟ್ಟಿಯಾಗಿ ಒಂದು ಅಕ್ಷರ ಓದಿದವಳಲ್ಲ ಎಂದು ಹಲ್ಲಿಲ್ಲದ ಹುಡುಗಿ ಡಾಕ್ಟರ ಕಿವಿಯಲ್ಲಿ ಹೇಳಿದಳು.

ಹುಡುಗಿ ಎದ್ದು ಕಾಗದ ಹಿಡಿದಳು. ಬಾಯಿ ತೆರೆದಳು, ಮುಚ್ಚಿದಳು. ಟೀಚರಮ್ಮ ಹುಂ ಎನ್ನಲಿಲ್ಲ, ಪದ ಹೇಳಿಕೊಡಲಿಲ್ಲ, ಗಡಿಯಾರ ನೋಡಲಿಲ್ಲ. "ತಾಯಿ... ಬೈಯಲಿಲ್ಲ" ಎಂದಿತು ಸಣ್ಣ ದನಿ. "ಅದು ಕಾಯಿತು. ಎಮ್ಮೆಗೆ ಅವಸರ ಇಲ್ಲ." ತಲೆ ಎತ್ತಿ, "ಹಾಗಾದ್ರೆ ಇಳಿದೇ ಇಳಿಯುತ್ತೆ ಮಿಸ್" ಎಂದು ಹೇಳಿ ಕೂತಳು.

ಟೀಚರಮ್ಮ ಸರಿ ಎಂದು ಹೇಳಿ ಬೋರ್ಡಿನ ಕಡೆ ತಿರುಗಿದರು.

ಹೀಗೆ ಕಾಯುವುದನ್ನು ಡಾಕ್ಟರು ತಮ್ಮ ವೃತ್ತಿಯಲ್ಲಿ ಒಂದೇ ಒಂದು ಜೀವದಲ್ಲಿ ಕಂಡಿದ್ದರು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಡತಿಗೆ ಈ ಮಾತನ್ನು ಇವತ್ತೇ, ಈಗಲೇ, ಬಾಯಿ ಬಿಟ್ಟು ಹೇಳಬೇಕೆನ್ನಿಸಿತು. ಬಿಡುವಿನಲ್ಲಿ ಟೀಚರುಗಳ ಕೋಣೆಗೆ ಹೋದರು. ಅಲ್ಲಿ ಮುಖ್ಯೋಪಾಧ್ಯಾಯಿನಿಯೂ ಇನ್ನೂ ಆರು ಮಂದಿ ಟೀಚರುಗಳೂ ಟೀ ಕುಡಿಯುತ್ತಿದ್ದರು. ಡಾಕ್ಟರು ಯಾರನ್ನೂ ಲೆಕ್ಕಿಸದೆ ನೇರ ಹೆಂಡತಿಯ ಮುಂದೆ ನಿಂತು, ತುಂಬಿದ ಕಣ್ಣಿನಲ್ಲಿ, ತುಂಬಿದ ದನಿಯಲ್ಲಿ ಹೇಳಿದರು:

"ನೀನು ಥೇಟ್ ಎಮ್ಮೆ ಕಣೇ."

ಮುಖ್ಯೋಪಾಧ್ಯಾಯಿನಿಯ ಲೋಟ ತುಟಿಯ ಹತ್ತಿರವೇ ನಿಂತಿತು. ಯಾರೋ ಕೆಮ್ಮಿದರು. ಡಾಕ್ಟರು ಗಾಬರಿಯಾಗಿ, ಚರ್ಮದ ವಿಷಯದಲ್ಲಿ ಹೇಳಿದ್ದಲ್ಲ, ಮೈಕಟ್ಟಿನ ವಿಷಯದಲ್ಲೂ ಅಲ್ಲ ಎಂದು ವಿವರಿಸತೊಡಗಿದರು. ವಿವರಿಸಿದಷ್ಟೂ ಹಳ್ಳ ಆಳವಾಯಿತು.

ಟೀಚರಮ್ಮ ನಿಧಾನವಾಗಿ ಟೀ ಮುಗಿಸಿದರು. "ಮದುವೆಯಾದ ಹೊಸದರಲ್ಲಿ ಮೇಕೆಮರಿ ಅಂತಿದ್ರು ಮೇಡಂ. ಬಡ್ತಿ ಸಿಕ್ಕಿದೆ" ಎಂದು ಮುಖ್ಯೋಪಾಧ್ಯಾಯಿನಿಗೆ ಹೇಳಿ ಲೋಟ ಕೆಳಗಿಟ್ಟರು. ಕೋಣೆಗೆ ಕೋಣೆಯೇ ನಕ್ಕಿತು. ಡಾಕ್ಟರು ಬಿಸಿಲಿನಲ್ಲಿ ನಿಂತವರ ಹಾಗೆ ಕೆಂಪಾದರು.

ಶಾಲೆ ಬಿಟ್ಟ ಮೇಲೆ ಇಬ್ಬರೂ ಅಂಗಳ ದಾಟುತ್ತಿದ್ದಾಗ ಅವರು ಕೈ ಹಿಸುಕಿಕೊಂಡು ಮತ್ತೊಮ್ಮೆ ಶುರು ಮಾಡಿದರು. ತಾವು ಹೇಳಬೇಕೆಂದದ್ದು ಬೇರೆ ಎಂದರು.

"ಗೊತ್ತಾಯ್ತು ರೀ. ನನಗೆ ಸಂತೋಷವೇ ಆಯ್ತು" ಎಂದರು ಟೀಚರಮ್ಮ. ನಾಲ್ಕು ಹೆಜ್ಜೆ ನಡೆದ ಮೇಲೆ, "ಆದ್ರೆ ಇನ್ಮೇಲೆ ಯಾರನ್ನಾದ್ರೂ ಹೊಗಳಬೇಕು ಅನ್ನಿಸಿದ್ರೆ ಮೊದಲು ಬರೆದು ನನಗೆ ತೋರಿಸಿ. ತಿದ್ದಿ ಕೊಡ್ತೀನಿ" ಎಂದರು.

ಡಾಕ್ಟರು ಒಪ್ಪಿದರು. ಗೇಟಿನ ಹತ್ತಿರ ಮುಖ್ಯೋಪಾಧ್ಯಾಯಿನಿ ಮತ್ತೆ ಎದುರಾದರು. ಪುಸ್ತಕ ಸೋಮವಾರವೇ ಅಚ್ಚಿಗೆ ಹೋಗುತ್ತದೆ ಎಂದು ಹೇಳಿ, ಶಾಲೆ ಹೇಗನ್ನಿಸಿತು ಎಂದು ಡಾಕ್ಟರನ್ನು ಕೇಳಿದರು. ಡಾಕ್ಟರ ಮನಸ್ಸು ತುಂಬಿತ್ತು. ಈ ಮಕ್ಕಳು, ಈ ಟೀಚರುಗಳು, ಎಲ್ಲರ ಮೇಲೂ ಕಣ್ಣಿಟ್ಟು ಮುಂದೆ ನಡೆಯುವ ಈ ಹಿರಿಯಾಕೆ. ಹೇಳಲು ಎಷ್ಟೊಂದಿತ್ತು, ಹೋಲಿಸಲು ಒಂದು ದೊಡ್ಡ ಪ್ರಾಣಿಯೂ ನಾಲಿಗೆಯ ತುದಿಗೆ ಬಂದಿತ್ತು. ಅವರು ಬಾಯಿ ತೆರೆದರು. ಹೆಂಡತಿಯ ಮುಖ ನೋಡಿದರು.

"ನಮಸ್ಕಾರ ಮೇಡಂ" ಎಂದು ಹೇಳಿ, ಹೆಂಡತಿಯ ಕೈಯಲ್ಲಿದ್ದ ಕಾಪಿಗಳ ಚೀಲವನ್ನು ಇಸಿದುಕೊಂಡು ಮನೆಯ ದಾರಿ ಹಿಡಿದರು.