ಸಣ್ಣ ಬಂದೂಕು, ಭಾರದ ಗುಂಡು

ಕೈಗೆ ಬಂದೂಕು ಬಂದರೆ ಗಾಂಭೀರ್ಯವೂ ಬರುತ್ತೆ ಅಂದುಕೊಂಡಿದ್ದೆ. ಬಂದದ್ದು ವಾರಕ್ಕೊಂದು ಫಜೀತಿ. ಅಲೆನ್‌ನಲ್ಲಿ ನಮ್ಮ ಪಕ್ಕದ ಮನೆಯ ಟೆಕ್ಸಸ್ ಅಜ್ಜ, ನಿವೃತ್ತ ಗಣಿತದ ಮೇಷ್ಟ್ರು, ನನಗೂ ಕಾಪೆಲ್‌ನಲ್ಲಿರೋ ನನ್ನ ಧಾರವಾಡದ ಗೆಳೆಯನಿಗೂ ಗುರಿ ಕಲಿಸೋಕೆ ಒಪ್ಪಿಕೊಂಡಾಗಿನಿಂದ ಇದು ನಡೀತಾನೇ ಇದೆ.

೧. ಎಪ್ಪತ್ತೇಳು

ನನ್ನ ರೈಫಲ್ಲಿನ ಬಾಯಿ ಸಣ್ಣದು. ಮಾಮೂಲಿಗಿಂತ ಭಾರದ ಗುಂಡು ಹಾಕಿದರೆ ಅದು ಗಾಳಿಗೆ ಅಷ್ಟಾಗಿ ಜಗ್ಗಲ್ಲ ಅಂತ ಅಜ್ಜ ಹೇಳಿದ್ದರು. ಹಾಗೆ ತಂದ ಗುಂಡಿನ ಡಬ್ಬಿಯನ್ನ ಅಡುಗೆಮನೆ ಕಟ್ಟೆ ಮೇಲೆ ಮರೆತುಬಿಟ್ಟೆ. ಮೈಸೂರಿಂದ ಬಂದಿದ್ದ ನಮ್ಮ ಅತ್ತೆ ಕನ್ನಡಕ ಏರಿಸಿ, ಮೇಲಿದ್ದ ‘೭೭ ಗ್ರೇನ್’ ಓದಿದರು.

“ಅಳಿಯಂದ್ರೇ, ಎಪ್ಪತ್ತೇಳು ಥರದ ಕಾಳಾ? ನಾನು ನವಧಾನ್ಯದ ಮೇಲೆ ಕಂಡೇ ಇಲ್ಲ!”

“ಅಲ್ಲ ಅತ್ತೆ, ಗ್ರೇನ್ ಅಂದ್ರೆ ಇಲ್ಲಿ ತೂಕದ ಲೆಕ್ಕ. ಇದು ಬಂದೂಕಿನ ಗುಂಡು.”

ಅತ್ತೆ ಡಬ್ಬಿ ನೋಡಿದರು, ಒಲೆ ಮೇಲಿದ್ದ ಪಾತ್ರೆ ನೋಡಿದರು. “ಸದ್ಯ ಹೇಳಿದ್ರಿ. ನೆನೆಹಾಕೋಕೆ ನೀರು ಕಾಯಿಸ್ತಿದ್ದೆ.”

೨. ಅಡ್ಡ ಮಲಗಿದ ಗುಂಡು

ಗೆಳೆಯ ಒಂದು ಹಳೇ ರೈಫಲ್ ಕೊಂಡ. ಭಾರದ್ದೇ ಒಳ್ಳೇದು ಅಂತ ಅದಕ್ಕೂ ನನ್ನ ಗುಂಡೇ ತುಂಬಿದ. ಗುರಿಯ ಹಾಳೆ ತಂದು ನೋಡಿದರೆ ಒಂದೂ ದುಂಡಗಿನ ತೂತಿಲ್ಲ, ಎಲ್ಲ ಉದ್ದುದ್ದ.

“ಗುಂಡು ಅಡ್ಡ ಮಲಕೊಂಡು ಹೋಗ್ಯಾವಲ್ರಿ!” ಅಂದ.

ಅಜ್ಜ ವಿವರಿಸಿದರು. ಭಾರದ ಗುಂಡು ಉದ್ದ ಇರುತ್ತೆ, ಬುಗುರಿ ಹಾಗೆ ಜೋರಾಗಿ ತಿರುಗಿದರೇ ಅದು ನೆಟ್ಟಗೆ ಹೋಗೋದು. ಈ ಹಳೇ ಬ್ಯಾರೆಲ್ಲಿನೊಳಗೆ ಗುಂಡನ್ನ ತಿರುಗಿಸೋ ತಿರುಪು ಅದಕ್ಕೆ ಸಾಲದು.

ಮೂರು ವಾರದಿಂದ ಗುರಿ ತಪ್ಪಿ ತಪ್ಪಿ ಕುಗ್ಗಿಹೋಗಿದ್ದ ಗೆಳೆಯನ ಮುಖ ಅರಳಿತು. “ಅಂದ್ರ ತಪ್ಪು ನಂದಲ್ಲ!”

ಅಜ್ಜ ಹಗುರ ಗುಂಡು ಕೊಟ್ಟರು. ಐದು ಹೊಡೆದ. ಐದೂ ಚೆಂದದ ದುಂಡು ತೂತು, ಒಂದೂ ವೃತ್ತದೊಳಗಿಲ್ಲ. ಅಜ್ಜ ಅವನ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಅಂದರು, “ಬಂದೂಕು ವಾಸಿಯಾಯ್ತು ಮಗಾ. ಇನ್ನು ನೀನು ಬಾಕಿ.”

೩. ಹಂದಿ ಬೇಟೆ

ಪ್ರಾಸ್ಪರ್ ಊರಿನಾಚೆ ಅಜ್ಜನ ಸ್ನೇಹಿತರೊಬ್ಬರ ಹೊಲವನ್ನ ಕಾಡುಹಂದಿಗಳು ಉತ್ತು ಹಾಕಿದ್ದವು. ಅವರು ಬೇಸತ್ತು ನಮ್ಮನ್ನು ಕರೆದರು. ಸಂಜೆ ಮೂವರೂ ಮರೆಯಲ್ಲಿ ಕೂತೆವು. ಗೆಳೆಯ ತನ್ನ ಬಂದೂಕು ಕೆಳಗಿಟ್ಟ.

“ಬರೇ ಗಾಯ ಆಗಿ ನರಳಿದ್ರ ಹೆಂಗ್ರಿ?”

ಅವನ ಸಂಕಟ ನೋಡಿ ಅಜ್ಜ ನನ್ನ ರೈಫಲ್ಲನ್ನೇ ಅವನಿಗೆ ಕೊಡಿಸಿದರು. “ಭಾರದ ಗುಂಡು ಆಳಕ್ಕೆ ಇಳಿಯುತ್ತೆ. ಒಂದೇ ಏಟು, ನರಳಾಟ ಇಲ್ಲ.”

ಎದುರಿಗೆ, ಜಿಂಕೆಗಳ ಮೇವಿಗೆ ಅಂತ ಮೂರು ಕಾಲಿನ ಮೇಲೆ ನಿಲ್ಲಿಸಿದ್ದ ಮೆಕ್ಕೆಜೋಳದ ಪ್ಲಾಸ್ಟಿಕ್ ಡ್ರಮ್ಮು. ಅದರಡಿಗೆ ದೊಡ್ಡ ಹಂದಿಯೊಂದು ಬಂತು. ಗೆಳೆಯ ಹೊಡೆದ. ಕೊನೇ ಗಳಿಗೆಯಲ್ಲಿ ಕಣ್ಣು ಮುಚ್ಚಿದನಂತೆ. ಹಂದಿ ಓಡಿಹೋಯಿತು. ಗುಂಡು ಡ್ರಮ್ಮಿನ ಸಪೂರ ತಳ ಹೊಕ್ಕು ಆಚೆ ಹೊರಬಿದ್ದಿತ್ತು. ಎರಡೂ ಕಡೆಯಿಂದ ಜೋಳ ಧಾರೆಯಾಗಿ ಸುರೀತಿತ್ತು.

“ಆಳಕ್ಕೆ ಇಳೀತು,” ಅಂದರು ಅಜ್ಜ.

ಹತ್ತು ನಿಮಿಷಕ್ಕೆ ಅದೇ ಹಂದಿ ಬಂಧುಬಳಗ, ಮರಿಗಳ ಸಮೇತ ವಾಪಸ್ ಬಂತು. ಡ್ರಮ್ಮಿನ ಆಚೀಚೆ ಎದುರುಬದುರು ಸಾಲಾಗಿ ನಿಂತು ತಿನ್ನತೊಡಗಿದವು, ಮದುವೆ ಮನೆ ಊಟದ ಹಾಗೆ. ಮರಿಗಳನ್ನ ನೋಡಿ ನಮ್ಮಲ್ಲಿ ಯಾರಿಗೂ ಕೈ ಬರಲಿಲ್ಲ.

ಅಷ್ಟರಲ್ಲಿ ಸದ್ದು ಕೇಳಿದ್ದ ಹೊಲದ ಯಜಮಾನರ ಫೋನು. “ಎಷ್ಟು ಬಿದ್ದವು?”

ಏನು ಹೇಳಲಿ ಅಂತ ಗೆಳೆಯನ ಮುಖ ನೋಡಿದೆ. ಅವನು ಪಿಸುಗುಟ್ಟಿದ, “ಮೊದಲ್ನೇ ಪಂಕ್ತಿ ಇನ್ನೂ ಎದ್ದಿಲ್ಲ ಅಂತ ಹೇಳ್ರಿ.”