ಬೆನ್ನ ಹಿಂದೆಯೂ ಕಣ್ಣಿರಲಿ

ನಾನು ಕರಾಟೆ ಟೀಚರ್. ಮನೆ ಚನ್ನಗಿರಿಯಲ್ಲಿ. ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ವಾರವೆಲ್ಲ ಬಸ್ಸು ಹತ್ತಿ ಇಳಿದು ಹುಡುಗಿಯರಿಗೂ ಹೆಂಗಸರಿಗೂ ಕಲಿಸುತ್ತೇನೆ. ಕೈಕಾಲು ಬೀಸುವುದು ನನ್ನ ಪಾಠದಲ್ಲಿ ಕೊನೆಗೆ ಬರುತ್ತದೆ. ಮೊದಲು ಎಚ್ಚರ: ಸುತ್ತ ಯಾರಿದ್ದಾರೆ, ಹೊರಗೆ ಹೋಗುವ ದಾರಿ ಎಲ್ಲಿದೆ, ಬಿದ್ದರೆ ಹೇಗೆ ಬೀಳಬೇಕು. ಇಷ್ಟೆಲ್ಲ ಹೇಳಿಕೊಡುವವಳ ಬದುಕು ಸುಸೂತ್ರವಾಗಿ ಸಾಗಬೇಕಿತ್ತು. ಆದರೆ ನಾನು ಎಲ್ಲಿ ಎಚ್ಚರದ ಮಾತು ಎತ್ತುತ್ತೇನೋ ಅಲ್ಲೇ ಏನಾದರೊಂದು ಆಗುತ್ತದೆ.

ಜಗಳೂರಿನ ಕುರಿಮರಿ

ಜಗಳೂರು ಬಸ್ ನಿಲ್ದಾಣದಲ್ಲಿ ಅಜ್ಜಿಯೊಬ್ಬರು ಕುರಿಮರಿಯ ಹಗ್ಗ ಹಿಡಿದುಕೊಂಡು ನನ್ನ ಪಕ್ಕ ಕೂತಿದ್ದರು. ನನ್ನ ಬಿಳಿ ಡ್ರೆಸ್ಸು ನೋಡಿ ನರ್ಸಮ್ಮನಾ ಅಂತ ಕೇಳಿದರು. ಅಲ್ಲ, ಕರಾಟೆ ಕಲಿಸ್ತೀನಿ ಅಂದೆ. ಅದರಿಂದ ಏನು ಉಪಯೋಗ ಅಂದರು. ಬಸ್ಸು ಬರುವುದು ತಡವಿತ್ತು, ನನಗೂ ಹುಮ್ಮಸ್ಸು ಬಂತು. ಅಭ್ಯಾಸ ಮಾಡಿದವರಿಗೆ ಬೆನ್ನ ಹಿಂದೆ ಯಾರು ಬಂದರೂ ತಿರುಗಿ ನೋಡದೆ ಗೊತ್ತಾಗುತ್ತದೆ, ಗಾಳಿ ಅಲ್ಲಾಡಿದರೂ ಮೈಗೆ ತಿಳಿಯುತ್ತದೆ ಅಂತ ಕಾಲು ಗಂಟೆ ವಿವರಿಸಿದೆ. ಅಜ್ಜಿ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಆಮೇಲೆ ಎಲೆ ಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿ ಹೇಳಿದರು:

"ಹಂಗಾದ್ರೆ ನಿಮಗೆ ಗೊತ್ತಿದ್ದೇ ಬಿಟ್ಟೀರಿ ಅನ್ನಿ. ಅದಕ್ಕೇ ನಾನೂ ಹೇಳಾಕೆ ಹೋಗಲಿಲ್ಲ."

ತಿರುಗಿ ನೋಡಿದೆ. ಕುರಿಮರಿ ಬೆನ್ನ ಹಿಂದಿಟ್ಟಿದ್ದ ನನ್ನ ಚೀಲಕ್ಕೆ ಬಾಯಿ ಹಾಕಿ ಬ್ಲ್ಯಾಕ್ ಬೆಲ್ಟನ್ನು ಅರ್ಧ ಮೊಳ ತಿಂದು ಮುಗಿಸಿತ್ತು.

ಹೊನ್ನಾಳಿಯಲ್ಲಿ ಬಿದ್ದವರು

ಹೊನ್ನಾಳಿಯ ತರಗತಿಗೆ ಐವತ್ತು ದಾಟಿದ ಗೃಹಿಣಿಯೊಬ್ಬರು ಸೇರಿದರು. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಮೂರು ತಿಂಗಳು ಹಾಸಿಗೆ ಹಿಡಿದಿದ್ದರಂತೆ. ಅಂದಿನಿಂದ ನೆಲ ಒದ್ದೆ ಕಂಡರೆ ಗೋಡೆ ಹಿಡಿದುಕೊಂಡೇ ನಡೆಯುತ್ತಿದ್ದರಂತೆ. ಯಾರಿಗೂ ಹೊಡೆಯುವುದು ಬೇಡ, ಬೀಳುವುದೊಂದು ಕಲಿಸಿ ಸಾಕು ಅಂದರು. ಗದ್ದ ಎದೆಗೆ ಒತ್ತಿಕೊಂಡು, ಮೈ ದುಂಡಗೆ ಮಾಡಿ, ಉರುಳಿಕೊಂಡು ಬೀಳುವುದನ್ನು ಎರಡು ತಿಂಗಳು ಚಾಪೆಯ ಮೇಲೆ ಬಿಡದೆ ಅಭ್ಯಾಸ ಮಾಡಿದರು.

ಒಂದು ಮಧ್ಯಾಹ್ನ ಗಂಡ ಹೆಂಡತಿ ಗದ್ದೆಯ ಬದುವಿನ ಮೇಲೆ ಹೋಗುವಾಗ ಇವರ ಕಾಲು ಜಾರಿತು. ಕಲಿತ ಹಾಗೆಯೇ ಉರುಳಿ, ಅಂಗೈಯಿಂದ ನೆಲ ಬಡಿದು, ಎದ್ದು ಕೂತರು. ಸೆರಗಿಗೆ ಕೆಸರಾದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆದರೆ ಹೆಂಡತಿಯನ್ನು ಹಿಡಿಯಲು ಓಡಿ ಬಂದ ಗಂಡ ನೇರ ಕೈ ಊರಿ ಬಿದ್ದು ಮಣಿಕಟ್ಟು ಮುರಿದುಕೊಂಡರು.

ಮರುವಾರ ಆಕೆ ಕೈಗೆ ಬ್ಯಾಂಡೇಜು ಸುತ್ತಿಕೊಂಡ ಗಂಡನನ್ನು ಕರೆದುಕೊಂಡೇ ತರಗತಿಗೆ ಬಂದರು. "ಇವರನ್ನೂ ಸೇರಿಸ್ಕಳಿ ಟೀಚರ್," ಅಂದರು. "ಬೀಳಾಕೆ ಬರದೋರು ಎತ್ತಾಕೆ ಬರಬಾರದು."

ನ್ಯಾಮತಿಯ ಹುಡುಗಿಯ ದನಿ

ನ್ಯಾಮತಿಯ ಒಂದು ಶಾಲೆಯಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳಿದ್ದಳು. ಕಾಲು ಬೀಸಿದರೆ ಗಾಳಿ ಸುಯ್ಯೆನ್ನುತ್ತಿತ್ತು, ಆದರೆ ಬಾಯಿಂದ ದನಿ ಬರುತ್ತಿರಲಿಲ್ಲ. ಹೊಟ್ಟೆಯಿಂದ ಕೂಗಬೇಕು, ಆ ಕೂಗೇ ಅರ್ಧ ರಕ್ಷಣೆ ಅಂತ ನಾನು ಇಡೀ ವರ್ಷ ಹೇಳಿದೆ. ಅವಳು ತಲೆ ಆಡಿಸಿ ಸೊಳ್ಳೆಯ ಹಾಗೆ ಗುಂಯ್ ಅನ್ನುತ್ತಿದ್ದಳು.

ಒಂದು ದಿನ ಊಟದ ಹೊತ್ತಿಗೆ ಕರಿಮೂತಿಯ ದೊಡ್ಡ ಕೋತಿ, ಮುಸಿಯ, ಬಂದು ಒಂದನೇ ತರಗತಿಯ ಮಗುವಿನ ಡಬ್ಬಿಗೆ ಕೈ ಹಾಕಿತು. ಮಗು ಹೆದರಿ ಕಲ್ಲಾಗಿ ಕೂತಿತ್ತು. ನಾನು ಮೈದಾನದ ಆಚೆ ತುದಿಯಲ್ಲಿದ್ದೆ, ಓಡಿದರೂ ತಲುಪುತ್ತಿರಲಿಲ್ಲ. ಅಷ್ಟರಲ್ಲಿ ಈ ಹುಡುಗಿ ಮಗುವಿನ ಮುಂದೆ ಹೋಗಿ ನಿಂತು ಒಂದು ಕೂಗು ಹಾಕಿದಳು. ಮುಸಿಯ ಡಬ್ಬಿ ಬಿಟ್ಟು ಹೆಂಚಿನ ಮೇಲೆ ಹಾರಿ ಓಡಿತು. ಒಳಗಿದ್ದ ಹೆಡ್‌ಮಾಸ್ಟರು ಅಂಗಿಯ ಮೇಲೆ ಟೀ ಚೆಲ್ಲಿಕೊಂಡು ಹೊರಗೆ ಬಂದರು. ಯಾರು ಕೂಗಿದ್ದು ಅಂತ ಕೇಳಿದರು.

ಹುಡುಗಿಯ ತುಟಿ ಅಲ್ಲಾಡಿತು.

"ಸ್ವಲ್ಪ ಜೋರಾಗಿ ಹೇಳಮ್ಮ," ಅಂದರು ಹೆಡ್‌ಮಾಸ್ಟರು. "ಏನೂ ಕೇಳಿಸ್ತಿಲ್ಲ."

ಸೂಳೆಕೆರೆಯ ಕಳ್ಳ

ಚನ್ನಗಿರಿಯ ಹೆಂಗಸರ ತಂಡವನ್ನು ಒಂದು ಭಾನುವಾರ ಸೂಳೆಕೆರೆಗೆ ಕರೆದುಕೊಂಡು ಹೋದೆ. ಹೊರಗೆ ಸುತ್ತಾಡುವಾಗಲೂ ಇವರಿಗೆ ಎಚ್ಚರ ಇರುತ್ತದೋ ಇಲ್ಲವೋ ಅಂತ ಗುಟ್ಟಾಗಿ ಪರೀಕ್ಷೆ ಮಾಡುವ ಆಸೆ. ಅದಕ್ಕೆ ನಮ್ಮ ಮನೆಯವರನ್ನೇ ಕಳ್ಳನನ್ನಾಗಿ ಮಾಡಿದೆ. ಅವರು ಟೈಲರ್, ಬಹಳ ಮೆತ್ತಗಿನ ಮನುಷ್ಯ. ಮಂಕಿ ಕ್ಯಾಪು ಹಾಕಿಕೊಂಡು ಬಂಡೆಯ ಹಿಂದಿನಿಂದ ಬಂದು ಒಂದು ಚೀಲ ಕಸಿಯುವ ಹಾಗೆ ನಟಿಸಿ ಅಂದೆ. ಬೇಡ ಕಣೇ, ಆ ಹೆಂಗಸರ ಮುಂದೆ ನಾನು ಬರಲ್ಲ ಅಂತ ಮೂರು ದಿನ ಗೋಗರೆದರು. ಹೊಡೆತಕ್ಕೆ ಹೆದರಿದ್ದಾರೆ ಅಂದುಕೊಂಡು ಧೈರ್ಯ ಹೇಳಿ ಒಪ್ಪಿಸಿದೆ.

ಹೆಂಗಸರು ಏರಿಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. ನಮ್ಮ ಮನೆಯವರು ಬಂಡೆಯ ಹಿಂದಿನಿಂದ ಹೊರಬಂದರು. ಮುಖ ಪೂರ್ತಿ ಮುಚ್ಚಿತ್ತು. ಆದರೆ ಅಳತೆಯ ಟೇಪು ಕೊರಳಲ್ಲೇ ಉಳಿದಿತ್ತು.

ಮೊದಲು ಕಂಡದ್ದು ನಮ್ಮ ಬೀದಿಯ ಅಂಗನವಾಡಿ ಟೀಚರಿಗೆ. ಅವರು ಮಂಡಕ್ಕಿ ಕೆಳಗಿಟ್ಟು ಎದ್ದರು. ಉಳಿದವರೂ ಎದ್ದರು. ನಾನು ಕಲಿಸಿದ ಹಾಗೆಯೇ ಎರಡು ಸಾಲಾಗಿ, ಒಬ್ಬರಿಗೊಬ್ಬರು ಕಣ್ಣಲ್ಲೇ ಸನ್ನೆ ಮಾಡಿಕೊಂಡು, ಓಡುವ ದಾರಿ ಅಡ್ಡಗಟ್ಟಿದರು. ಅಂಗನವಾಡಿ ಟೀಚರ್ ಮೂರನೇ ಪಾಠದ ಹಿಡಿತದಲ್ಲಿ ಇವರ ಮಣಿಕಟ್ಟು ಹಿಡಿದು, ದೀಪಾವಳಿಗೆ ಕೊಟ್ಟ ನನ್ನ ಬ್ಲೌಸ್ ಎಲ್ಲಿ ಅಂತ ಕೇಳಿದರು. ಅವರ ಹಿಂದಿದ್ದವರು ಮಗಳ ಸೀಮಂತಕ್ಕೆ ಕೊಟ್ಟಿದ್ದರಂತೆ. ಈಗ ಆ ಮಗಳ ಮಗು ಅಂಬೆಗಾಲಿಡುತ್ತಿತ್ತು.

ನಾನು ಓಡಿ ಹೋಗಿ, ಬಿಡಿ, ಇದು ಬರೀ ಪರೀಕ್ಷೆ, ಎಲ್ಲರೂ ಪಾಸು ಅಂದೆ.

"ಪರೀಕ್ಷೆ ಇನ್ನೊಂದಿನ ಇಟ್ಕಳಿ ಟೀಚರ್," ಅಂದರು ಅಂಗನವಾಡಿ ಟೀಚರ್, ಹಿಡಿತ ಸಡಿಲಿಸದೆ. "ಇವರು ಸಿಗಾದೇ ಅಪರೂಪ."

ಮನೆಯವರು ಕ್ಯಾಪಿನ ಸಂದಿಯಿಂದ ನನ್ನನ್ನೇ ನೋಡುತ್ತಿದ್ದರು. ಪಾಪ ಅನ್ನಿಸಿತು. ಬಿಡಿಸೋಣ ಅಂತ ಎರಡು ಹೆಜ್ಜೆ ಮುಂದೆ ಇಟ್ಟೆ. ಆಗ ತಟ್ಟನೆ ನೆನಪಾಯಿತು, ಯುಗಾದಿಗೆ ಅಂತ ನಾನು ಕೊಟ್ಟ ಬ್ಲೌಸೂ ಇನ್ನೂ ಹೊಲಿದಿಲ್ಲ. ನಾನೂ ಸಾಲಿನಲ್ಲಿ ಹೋಗಿ ನಿಂತೆ.